ಒಂದು ಅಡಿಕೆ ಸೀಸನ್‌ಗೆ ಇಪ್ಪತ್ತೆರಡು ಸಾವಿರ ಕಿಲೋಮೀಟರ್ ಗಾಡಿ ಓಡಿಸುತ್ತಿದ್ದೇನೆ. ವ್ಯಾಪಾರಕ್ಕೆ ಇದು ಗಿಟ್ಟುತ್ತದಾ?

ಪೀಣ್ಯ_ಫಿಟ್ಟರ್

ಎಲ್ಲರಿಗೂ ನಮಸ್ಕಾರ. ಪೀಣ್ಯದಲ್ಲಿ ನನ್ನದೊಂದು ಸಣ್ಣ ಶೆಡ್ ಇದೆ. ಅಡಿಕೆ ಸುಲಿಯುವ ಯಂತ್ರ ಮಾಡುತ್ತೇವೆ. ನಾನು, ಒಬ್ಬ ವೆಲ್ಡರ್, ಇಬ್ಬರು ಹುಡುಗರು, ಅಷ್ಟೇ ಜನ. ಯಂತ್ರ ಹುಟ್ಟೋದು ಬೆಂಗಳೂರಲ್ಲಿ, ಕೆಲಸ ಮಾಡೋದೆಲ್ಲ ಚನ್ನಗಿರಿ, ತೀರ್ಥಹಳ್ಳಿ, ಸಾಗರ, ಶಿರಸಿ, ಪುತ್ತೂರು ಕಡೆ. ಶಿವಮೊಗ್ಗ ಅಂದ್ರೆ ಮುನ್ನೂರು ಕಿ.ಮೀ., ಶಿರಸಿ ನಾನೂರು.

ಕಳೆದ ಸೀಸನ್‌ನಲ್ಲಿ 31 ಸಲ ಹೋಗಿ ಬಂದಿದ್ದೇನೆ. ಸರಾಸರಿ ಒಂದು ಟ್ರಿಪ್ಪಿಗೆ 700 ಕಿ.ಮೀ. ಗಾಡಿ ಬೊಲೆರೊ, ಲೀಟರಿಗೆ 14 ಕೊಡುತ್ತದೆ. ಡೀಸೆಲ್ಲು, ಟೋಲು, ಊಟ ಸೇರಿ ಒಂದು ಟ್ರಿಪ್ಪು ಐದೂವರೆಯಿಂದ ಆರು ಸಾವಿರ ಅಂತ ನನ್ನ ಲೆಕ್ಕ. ಮೊದಲ ವರ್ಷ ರಿಪೇರಿ ಫ್ರೀ ಅಂತ ಮಾತು ಕೊಟ್ಟಿದ್ದೇನೆ. ಆಮೇಲೆ ಬಂದರೆ ಎರಡು ಸಾವಿರ ತಗೋತೀನಿ. ಒಂದು ಯಂತ್ರ ಮಾರಿದರೆ ಕೈಗೆ ಮೂವತ್ತೈದು ಸಾವಿರ ಉಳಿಯುತ್ತದೆ.

ರಾತ್ರಿ ಹೊರಟು ಬೆಳಗ್ಗೆ ಅಲ್ಲಿ ಮುಟ್ಟಿ, ಸಂಜೆ ಕೆಲಸ ಮುಗಿಸಿ ಅದೇ ರಾತ್ರಿ ವಾಪಸ್ ಬರೋದು ನನ್ನ ಅಭ್ಯಾಸ. ಹಗಲು ಶೆಡ್ಡಿನಲ್ಲಿ ನಾನಿಲ್ಲದಿದ್ದರೆ ಕೆಲಸ ನಿಲ್ಲುತ್ತದೆ. ಹದಿನೈದು ದಿನದ ಹಿಂದೆ ಬಾಣಾವರ ದಾಟಿದ ಮೇಲೆ, ಬೆಳಗಿನ ಜಾವ ಮೂರೂವರೆ ಇರಬಹುದು, ಎಡಗಡೆ ಚಕ್ರ ಟಾರು ಬಿಟ್ಟು ಮಣ್ಣಿಗೆ ಇಳಿದ ಸದ್ದಿಗೆ ಎಚ್ಚರ ಆಯ್ತು. ಎಷ್ಟು ಹೊತ್ತು ಕಣ್ಣು ಮುಚ್ಚಿದ್ದೆನೋ ಗೊತ್ತಿಲ್ಲ. ಗಾಡಿ ನಿಲ್ಲಿಸಿ ಅರ್ಧ ಗಂಟೆ ಸುಮ್ಮನೆ ಕೂತಿದ್ದೆ. ಮನೆಯಲ್ಲಿ ಇನ್ನೂ ಹೇಳಿಲ್ಲ.

ಅದಕ್ಕೇ ಕೇಳ್ತಿದ್ದೀನಿ. ಹೀಗೆ ದೂರ ದೂರ ಗಾಡಿ ಓಡಿಸೋದು ವ್ಯಾಪಾರಕ್ಕೆ ನಿಜವಾಗಿ ಲಾಭವಾ? ಬಿಟ್ಟರೆ ಗಿರಾಕಿ ಕೈ ತಪ್ಪುತ್ತಾರಾ?

ಚನ್ನಗಿರಿ_ಖೇಣಿ

ನಾನು ಖೇಣಿ ಹಿಡಿಯೋನು, ಅಂದ್ರೆ ತೋಟದ ಫಸಲನ್ನ ಗುತ್ತಿಗೆಗೆ ತಗೊಳ್ಳೋನು. ನಿಮ್ಮ ಯಂತ್ರ ಅಲ್ಲ, ಬೇರೆಯವರದ್ದು ಎರಡಿವೆ. ಗಿರಾಕಿ ಕಡೆಯಿಂದ ಒಂದು ಮಾತು ಹೇಳ್ತೀನಿ ಕೇಳಿ.

ಕೊಯ್ದ ಹಸಿ ಅಡಿಕೆ ನಮಗೋಸ್ಕರ ಕಾಯ್ತಾ ಕೂರಲ್ಲ. ಇವತ್ತು ಗೊನೆ ಇಳಿಸಿದರೆ ಸುಲಿದು ಬೇಯಿಸಬೇಕು. ರಾಶಿ ಹಾಕಿ ಬಿಟ್ಟರೆ ಬಿಸಿಯಾಗಿ ಬಣ್ಣ ಕೆಡುತ್ತೆ, ಬಣ್ಣ ಕೆಟ್ಟರೆ ಮಂಡಿಯಲ್ಲಿ ದರ ಬಿತ್ತು. ಕೊಯ್ಯೋರಿಗೆ ಅಡ್ವಾನ್ಸ್ ಕೊಟ್ಟಿರ್ತೀವಿ, ಒಲೆ ಮೇಲೆ ಅಡಿಕೆ ಬೇಯಿಸೋ ಚೊಗರಿನ ಹಂಡೆ ಇರುತ್ತೆ, ಆಗ ಯಂತ್ರ ನಿಂತರೆ ಏನಾಗುತ್ತೆ ಯೋಚಿಸಿ. ಆ ಹೊತ್ತಿಗೆ ಬಂದವನನ್ನ ನಾವು ಮರೆಯಲ್ಲ. ಬರದಿದ್ದವನನ್ನೂ ಮರೆಯಲ್ಲ. ಒಂದು ವರ್ಷ ಒಬ್ಬರು ‘ನಾಳೆ ಬರ್ತೀನಿ’ ಅಂತ ಮೂರು ದಿನ ಸತಾಯಿಸಿದರು. ಆಮೇಲೆ ನಮ್ಮ ಊರಲ್ಲಿ ಅವರ ಯಂತ್ರ ಯಾರೂ ತಗೊಂಡಿಲ್ಲ.

ಆದ್ದರಿಂದ ಬರಬೇಡಿ ಅಂತ ನಾನಂತೂ ಹೇಳಲ್ಲ. ಆದರೆ ನಮಗೆ ಬೇಕಾದ್ದು ಯಂತ್ರ ಓಡೋದು. ನೀವೇ ಬರಬೇಕು ಅಂತ ಹಟ ಇಲ್ಲ.

ಲೆಕ್ಕದ_ಪುಸ್ತಕ (ದಾವಣಗೆರೆ)

ಸರ್, ನಿಮ್ಮ ಆರು ಸಾವಿರದ ಲೆಕ್ಕ ತಪ್ಪು. ಜೇಬಿನಿಂದ ಅವತ್ತು ಹೋದ ದುಡ್ಡು ಮಾತ್ರ ಎಣಿಸಿದ್ದೀರಿ. ವರ್ಷಕ್ಕೆ 30,000 ಕಿ.ಮೀ. ಓಡುತ್ತೆ ಅಂತ ಇಟ್ಟುಕೊಳ್ಳೋಣ.

ಡೀಸೆಲ್ ಲೀಟರಿಗೆ 91ರ ಹತ್ತಿರ, 14 ಮೈಲೇಜಿಗೆ ಕಿ.ಮೀ.ಗೆ ಆರೂವರೆ ರೂಪಾಯಿ. ಟೈರ್ ಒಂದು ಸೆಟ್ಟಿಗೆ ಮೂವತ್ತು ಸಾವಿರ, ಐವತ್ತು ಸಾವಿರ ಕಿ.ಮೀ. ಬಂದರೆ ಅರವತ್ತು ಪೈಸೆ. ಸರ್ವಿಸು, ಕ್ಲಚ್ಚು, ಬ್ರೇಕು ಎಲ್ಲ ಸೇರಿ ಒಂದು ರೂಪಾಯಿ ಇಪ್ಪತ್ತು ಪೈಸೆ. ಇನ್ಶೂರೆನ್ಸು ತೊಂಬತ್ತು ಪೈಸೆ. ಹತ್ತೂವರೆ ಲಕ್ಷಕ್ಕೆ ಕೊಂಡ ಗಾಡಿ ಐದು ವರ್ಷ ಬಿಟ್ಟು ಆರಕ್ಕೆ ಹೋದರೆ ಸವಕಳಿ ಮೂರು ರೂಪಾಯಿ. ಒಟ್ಟು ಹನ್ನೆರಡರ ಮೇಲೆ. 700 ಕಿ.ಮೀ.ಗೆ ಎಂಟೂವರೆ ಸಾವಿರ. ಟೋಲು, ಊಟ ಸೇರಿಸಿ, ಒಂದು ಟ್ರಿಪ್ಪು ಹತ್ತು ಸಾವಿರ. 31 ಟ್ರಿಪ್ಪಿಗೆ ಮೂರು ಲಕ್ಷ ಹತ್ತು ಸಾವಿರ. ಸುಮಾರು ಒಂಬತ್ತು ಯಂತ್ರದ ಲಾಭ ಬರೀ ರಸ್ತೆಗೆ ಹೋಗಿದೆ. ನಿಮ್ಮ ನಿದ್ದೆಯನ್ನ, ಶೆಡ್ಡಲ್ಲಿ ನಿಂತ ಕೆಲಸವನ್ನ ಇದರಲ್ಲಿ ಸೇರಿಸಿಲ್ಲ.

ಪೀಣ್ಯ_ಫಿಟ್ಟರ್

ಸರ್, ಗಾಡಿ ಮನೆ ಮುಂದೆ ನಿಂತಿದ್ದರೂ ಬೆಲೆ ಇಳಿಯುತ್ತಲ್ಲ? ಇನ್ಶೂರೆನ್ಸ್ ಹೇಗಿದ್ದರೂ ಕಟ್ಟಬೇಕಲ್ಲ? ಅದನ್ನೂ ಟ್ರಿಪ್ಪಿನ ತಲೆಗೇ ಕಟ್ಟೋದು ಸರಿ ಅನ್ನಿಸಲಿಲ್ಲ.

ಲೆಕ್ಕದ_ಪುಸ್ತಕ (ದಾವಣಗೆರೆ)

ಒಪ್ಪಿದೆ. ಇನ್ಶೂರೆನ್ಸ್ ತೆಗೆಯಿರಿ, ಸವಕಳಿ ಅರ್ಧ ಮಾಡಿ. ಆಗಲೂ ಕಿ.ಮೀ.ಗೆ ಹತ್ತರ ಹತ್ತಿರವೇ ನಿಲ್ಲುತ್ತೆ. ಎರಡು ಸಾವಿರ ಚಾರ್ಜು 200 ಕಿ.ಮೀ. ಓಡಾಟಕ್ಕೇ ಸರಿಹೋಯ್ತು.

ಇನ್ನೂ ಮೂರು ವಿಷಯ ಹೇಳಿಬಿಡ್ತೀನಿ, ಇವುಗಳಲ್ಲಿ ಜನ ಪೆಟ್ಟು ತಿನ್ನೋದನ್ನ ನೋಡಿದ್ದೀನಿ.

ನೀವು ಆದಾಯ ತೆರಿಗೆಯನ್ನ ವಹಿವಾಟಿನ ಶೇಕಡಾ ಆರು-ಎಂಟರ ಅಂದಾಜು ಲಾಭದ ಮೇಲೆ ಕಟ್ಟೋರಾದರೆ, ಡೀಸೆಲ್ ಬಿಲ್ಲು ಎಷ್ಟೇ ಜೋಡಿಸಿಟ್ಟರೂ ಅದನ್ನ ಬೇರೆಯಾಗಿ ಕಳೆಯೋಕೆ ಬರಲ್ಲ. ‘ಖರ್ಚು ತೋರಿಸಿದರಾಯ್ತು’ ಅನ್ನೋ ಮಾತು ನಂಬಬೇಡಿ. ಡೀಸೆಲ್ಲು ಜಿಎಸ್‌ಟಿ ಒಳಗಿಲ್ಲ, ಅದರಲ್ಲಿ ಇನ್‌ಪುಟ್ (ಕೊಳ್ಳುವಾಗ ಕಟ್ಟಿದ ತೆರಿಗೆಯ ವಾಪಸಾತಿ) ಸಿಗಲ್ಲ. ಹದಿಮೂರು ಸೀಟಿನ ಒಳಗಿನ ಪ್ಯಾಸೆಂಜರ್ ಗಾಡಿಯ ಜಿಎಸ್‌ಟಿಯೂ ನಿಮ್ಮಂಥ ವ್ಯಾಪಾರಕ್ಕೆ ವಾಪಸ್ ಬರಲ್ಲ. ಸರಕು ಗಾಡಿಗೆ ಬರುತ್ತೆ.

ಎರಡನೇದು ಟೋಲ್. 2025ರ ಆಗಸ್ಟ್ 15ರಿಂದ ಫಾಸ್ಟ್‌ಟ್ಯಾಗ್ ವಾರ್ಷಿಕ ಪಾಸ್ ಬಂದಿದೆ. ಬಂದಾಗ ಅದಕ್ಕೆ ಮೂರು ಸಾವಿರ ಇತ್ತು, ಒಂದು ವರ್ಷ ಅಥವಾ 200 ಸಲ, ಯಾವುದು ಮೊದಲೋ ಅದು. ಒಂದು ಗೇಟಿಗೆ ಸುಮಾರು ಹದಿನೈದು ರೂಪಾಯಿ ಬಿತ್ತು. ಬಿಳಿ ಬೋರ್ಡಿನ ಸ್ವಂತ ಕಾರು, ಜೀಪು, ವ್ಯಾನಿಗೆ ಮಾತ್ರ. ಅದೂ ರಾಷ್ಟ್ರೀಯ ಹೆದ್ದಾರಿ ಟೋಲಿಗೆ ಮಾತ್ರ, ರಾಜ್ಯ ಹೆದ್ದಾರಿಯಲ್ಲಿ ಮಾಮೂಲಿನಂತೆ ಕಟ್ಟಬೇಕು.

ಮೂರನೇದು ಎಲ್ಲಕ್ಕಿಂತ ಮುಖ್ಯ. ಬೊಲೆರೊ ಹಿಂದಿನ ಸೀಟು ಮಡಚಿ ಯಂತ್ರ ಹಾಕ್ಕೊಂಡು ಹೋಗ್ತೀರಾ? ಖಾಸಗಿ ಕಾರಿನ ಪಾಲಿಸಿಯಲ್ಲಿ ಸ್ಯಾಂಪಲ್ಲು ಮತ್ತು ಸ್ವಂತ ಲಗೇಜು ಬಿಟ್ಟು ಬೇರೆ ಸರಕು ಸಾಗಿಸೋಕೆ ರಕ್ಷಣೆ ಇಲ್ಲ ಅಂತ ಬರೆದಿರುತ್ತೆ. ಏನಾದರೂ ಆದರೆ ಕ್ಲೇಮು ಅಲ್ಲೇ ಸಿಕ್ಕಿಹಾಕಿಕೊಳ್ಳುತ್ತೆ. ಯಂತ್ರವನ್ನ ಲಾರಿ ಟ್ರಾನ್ಸ್‌ಪೋರ್ಟಿಗೆ ಹಾಕಿ.

ಹುಬ್ಬಳ್ಳಿ_ಲೈನ್

ನಾ ಬೀಜ, ಔಷಧ ಮಾರಾಂವ. ಹದಿನಾರು ವರ್ಷಾತು, ಗದಗ, ರೋಣ, ಲಕ್ಷ್ಮೇಶ್ವರ, ಸವಣೂರು, ಬ್ಯಾಡಗಿ ಎಲ್ಲಾ ತಿರಗತೇನ್ರಿ. ದಿನಾ ನೂರೈವತ್ತು ಇನ್ನೂರು ಕಿಲೋಮೀಟರ್ ಆಗತೈತಿ, ಆದ್ರ ನನಗ ಗಿಟ್ಟತೈತಿ. ಯಾಕ ಹೇಳ್ರಿ? ಲೈನ್ ಐತಿ ನಂದು. ಸೋಮವಾರ ಗದಗ-ರೋಣ, ಮಂಗಳವಾರ ಲಕ್ಷ್ಮೇಶ್ವರ, ಬುಧವಾರ ಹಾವೇರಿ-ಬ್ಯಾಡಗಿ. ಅಂಗಡಿಯವ್ರಿಗೆ ಗೊತ್ತಿರತೈತಿ, ಈ ದಿನಾ ಇಂವಾ ಬರ್ತಾನ ಅಂತ. ಆರ್ಡರ್ ಬರದು ಇಟ್ಟಿರ್ತಾರ, ರೊಕ್ಕಾನೂ ತಗದಿಟ್ಟಿರ್ತಾರ. ಒಂದು ಸುತ್ತಿನ್ಯಾಗ ಹನ್ನೆರಡು ಅಂಗಡಿ ಮುಗೀತಾವ.

ನಿಮ್ಮದು ಹಂಗಲ್ಲ ನೋಡ್ರಿ. ಒಬ್ಬಾಂವ ಫೋನ್ ಮಾಡಿದ ಕೂಡ್ಲೆ ನಾನೂರು ಕಿಲೋಮೀಟರ್ ಓಡತೀರಿ, ಅವನೊಬ್ಬನ ಕೆಲಸ ಮುಗಿಸಿ ತಿರುಗಿ ಬರ್ತೀರಿ. ಹಾದ್ಯಾಗ ಇರೋ ಉಳದ ಎಂಟು ಗಿರಾಕಿ ಮನಿಗೆ ಹೋಗಂಗಿಲ್ಲ, ಯಾಕಂದ್ರ ರಾತ್ರಿ ಆಗಿರತೈತಿ. ದೂರ ಅಂತ ನಷ್ಟ ಆಗಿಲ್ರಿ. ಒಂದ ಕೆಲಸಕ್ಕ ಒಂದ ಸಲ ಅಂತ ಹೋಗೂದ್ರಿಂದ ಆಗೇತಿ. ಸೀಸನ್ ಶುರು ಆಗೂ ಮುಂಚೆ ಒಂದು ಸುತ್ತು ಹಾಕ್ರಿ. ಎಲ್ಲಾರ ಬೆಲ್ಟು, ಬೇರಿಂಗು ನೋಡಿ ಬರ್ರಿ. ನಡು ಸೀಸನ್‌ದಾಗ ಬರೂ ಫೋನ್ ಅರ್ಧ ಆಗತಾವ.

ನಿವೃತ್ತ_ಚಾಲಕ

ಮಗಾ, ಮೂವತ್ತೊಂದು ವರ್ಷ ಕೆಎಸ್‌ಆರ್‌ಟಿಸಿ ಸ್ಟೇರಿಂಗ್ ಹಿಡಿದವನು ನಾನು. ಅದರಲ್ಲಿ ಹನ್ನೊಂದು ವರ್ಷ ರಾತ್ರಿ ಸರ್ವಿಸ್. ದುಡ್ಡಿನ ಲೆಕ್ಕ ಬೇರೆಯವರು ಹೇಳಿದ್ದಾರೆ, ಬಾಣಾವರದ್ದು ನಾನು ಹೇಳ್ತೀನಿ.

ಬೆಳಗಿನ ಜಾವ ಎರಡರಿಂದ ಆರು, ಮಧ್ಯಾಹ್ನ ಊಟ ಆದಮೇಲೆ ಎರಡರಿಂದ ನಾಲ್ಕು, ಈ ಎರಡು ಹೊತ್ತಲ್ಲಿ ದೇಹ ತಾನಾಗೇ ನಿದ್ದೆ ಕೇಳುತ್ತೆ. ಟೀ ಕುಡಿದು, ಮುಖ ತೊಳೆದು, ಕಿಟಕಿ ಇಳಿಸಿ, ಹಾಡು ಜೋರು ಮಾಡಿ ಅದನ್ನ ಗೆದ್ದೆ ಅಂದುಕೊಂಡವರನ್ನ ಬಹಳ ಜನ ನೋಡಿದ್ದೀನಿ. ಅದರಲ್ಲಿ ಕೆಲವರು ಈಗ ಇಲ್ಲ. ಕಣ್ಣು ಬಿಟ್ಟುಕೊಂಡೇ ಮೂರು ಸೆಕೆಂಡು ತಲೆ ಮಂಕಾಗುತ್ತೆ. ಎಂಬತ್ತರ ವೇಗದಲ್ಲಿ ಮೂರು ಸೆಕೆಂಡಿಗೆ ಗಾಡಿ ಅರವತ್ತು ಮೀಟರ್‌ಗಿಂತ ಜಾಸ್ತಿ ಹೋಗಿರುತ್ತೆ. ನಿದ್ದೆಗೆ ನಿದ್ದೆಯೇ ಮದ್ದು. ಬೆಳಕಿರೋ ಪೆಟ್ರೋಲ್ ಬಂಕಲ್ಲಿ ನಿಲ್ಲಿಸಿ ಇಪ್ಪತ್ತು ನಿಮಿಷ ಮಲಗು, ಎದ್ದ ಮೇಲೆ ಹತ್ತು ನಿಮಿಷ ಓಡಾಡಿ ಆಮೇಲೆ ಗಾಡಿ ತೆಗಿ.

ನನ್ನ ಮಗಳು ನರ್ಸು. ಅವಳು ಓದಿ ಹೇಳಿದ್ದು ಇದು. 1997ರಲ್ಲಿ ಆಸ್ಟ್ರೇಲಿಯಾದವರು ಪರೀಕ್ಷೆ ಮಾಡಿ ನೋಡಿದ್ದರಂತೆ. ಹದಿನೇಳು ಗಂಟೆ ಎಚ್ಚರ ಇದ್ದವನ ಕೈ-ಕಣ್ಣಿನ ಚುರುಕು, ರಕ್ತದಲ್ಲಿ ಶೇ. 0.05 ಮದ್ಯ ಇದ್ದವನಷ್ಟೇ ಇತ್ತು. ನಮ್ಮ ದೇಶದಲ್ಲಿ ಕುಡಿದು ಓಡಿಸಿದ ಕೇಸಿಗೆ ಮಿತಿಯೇ 0.03. ಬೆಳಗ್ಗೆ ಆರಕ್ಕೆದ್ದು ಶೆಡ್ಡಲ್ಲಿ ದುಡಿದು ರಾತ್ರಿ ಹನ್ನೊಂದಕ್ಕೆ ಗಾಡಿ ಹತ್ತೋ ನಿನಗೆ ಅಲ್ಲಿಗೇ ಹದಿನೇಳು ಗಂಟೆ ಆಯ್ತು.

ಸಾರಿಗೆ ಕಾರ್ಮಿಕರಿಗೆ 1961ರಲ್ಲೇ ಕಾಯ್ದೆ ಬಂದಿತ್ತು. ದಿನಕ್ಕೆ ಎಂಟು ಗಂಟೆ, ವಾರಕ್ಕೆ ನಲವತ್ತೆಂಟು, ಐದು ಗಂಟೆ ಆದಮೇಲೆ ಅರ್ಧ ಗಂಟೆ ವಿಶ್ರಾಂತಿ. ಸಂಬಳಕ್ಕೆ ಓಡಿಸೋನಿಗೆ ಕಾಯೋಕೆ ಕಾನೂನಿದೆ, ಸ್ವಂತ ವ್ಯಾಪಾರಕ್ಕೆ ಓಡಿಸೋನಿಗೆ ಯಾರೂ ಇಲ್ಲ. ಮನೆಯಲ್ಲಿ ಹೇಳು ಮಗಾ. ಅವರಿಗೆ ಗೊತ್ತಿರಬೇಕು.

ಮಿಡಿ_ಶಿರಸಿ

ನಾನು ಶಿರಸಿಯವಳು. ಅಪ್ಪೆಮಿಡಿ ಉಪ್ಪಿನಕಾಯಿ, ಜೋನಿಬೆಲ್ಲ, ಹಲಸಿನ ಹಪ್ಪಳ ಮಾಡಿ ಮಾರುತ್ತೇನೆ. ನಾನೇ ಗಾಡಿ ಓಡಿಸಿಕೊಂಡು ಬೆಂಗಳೂರಿಗೆ ಪ್ರತಿ ತಿಂಗಳು ಬರುತ್ತಿದ್ದೆ, ಮೂರು ವರ್ಷ. ನಿಮ್ಮದು ಅಲ್ಲಿಂದ ಇಲ್ಲಿಗೆ, ನನ್ನದು ಇಲ್ಲಿಂದ ಅಲ್ಲಿಗೆ.

ಹೆಂಗಸರು ಒಬ್ಬರೇ ಓಡಿಸುವಾಗ ಇನ್ನೊಂದು ಲೆಕ್ಕ ಸೇರಿಕೊಳ್ಳುತ್ತದೆ. ಎಲ್ಲಿ ನಿಲ್ಲಿಸಬಹುದು, ಎಲ್ಲಿ ಶೌಚಾಲಯ ಸ್ವಚ್ಛ ಇದೆ, ಎಷ್ಟು ಗಂಟೆಯೊಳಗೆ ತುಮಕೂರು ದಾಟಬೇಕು ಎಂದು ಮೊದಲೇ ಯೋಚಿಸಿಟ್ಟುಕೊಳ್ಳಬೇಕು. ನೀರು ಕುಡಿಯದೇ ಓಡಿಸಿ ಎರಡು ಸಲ ಮೂತ್ರದ ಸೋಂಕು ಆಗಿ ಮಲಗಿದೆ. ಆ ಖರ್ಚನ್ನೂ ವ್ಯಾಪಾರಕ್ಕೇ ಬರೆದುಕೊಂಡೆ, ಅದು ವ್ಯಾಪಾರದಿಂದಲೇ ಆದದ್ದು.

ಆಮೇಲೆ ಒಂದು ವರ್ಷದ ಡೈರಿ ತೆಗೆದು ಕೂತು ನೋಡಿದೆ. ಹನ್ನೆರಡು ಸಲ ಬಂದದ್ದರಲ್ಲಿ ನಾನೇ ಬಂದದ್ದರಿಂದ ಆದ ಉಪಯೋಗ ಏನು? ನಾಲ್ಕು ಸಲ ಹೊಸ ಅಂಗಡಿ ಸಿಕ್ಕಿತ್ತು, ಅಥವಾ ಮೇಳದಲ್ಲಿ ಜನ ರುಚಿ ನೋಡಿ ಹೆಸರು ಕೇಳಿದ್ದರು. ಉಳಿದ ಎಂಟು ಸಲ ಡಬ್ಬ ಇಳಿಸಿ ದುಡ್ಡು ತೆಗೆದುಕೊಂಡು ಬಂದಿದ್ದೆ. ಡಬ್ಬ ಇಳಿಸಲು ನಾನು ಬೇಕಿಲ್ಲ. ಈಗ ಬಸ್ಸಿನ ಪಾರ್ಸೆಲ್ಲಿಗೆ ಹಾಕುತ್ತೇನೆ, ರಾತ್ರಿ ಹಾಕಿದರೆ ಬೆಳಗ್ಗೆ ಅಲ್ಲಿರುತ್ತದೆ. ನಾನು ವರ್ಷಕ್ಕೆ ನಾಲ್ಕು ಸಲ ಬರುತ್ತೇನೆ, ಬಂದರೆ ಎರಡು ದಿನ ಅಲ್ಲೇ ಉಳಿಯುತ್ತೇನೆ. ಮಾರಾಟ ಕಡಿಮೆಯಾಗಿಲ್ಲ.

ಅಣ್ಣ, ನಿಮ್ಮ 31 ಟ್ರಿಪ್ಪಿನ ಡೈರಿ ಇದ್ದರೆ ಹೀಗೇ ಬಿಡಿಸಿ ನೋಡಿ. ಇನ್ನೊಂದು, ಬೆಂಗಳೂರಿನ ಮೇಲೆ ಬರುವ ತಾಳಗುಪ್ಪ ರೈಲು ರಾತ್ರಿ ಅಲ್ಲಿ ಬಿಟ್ಟು ಬೆಳಗ್ಗೆ ಸಾಗರಕ್ಕೆ ಬರುತ್ತದೆ. ಬರ್ತಿನಲ್ಲಿ ಮಲಗಿ ಬನ್ನಿ. ಗಾಡಿ ಇಲ್ಲೇ ಇದ್ದರಾಯಿತಲ್ಲ?

ಪುತ್ತೂರು_ಅಂಗಳ

ನಮ್ಮಲ್ಲಿಗೆ ನೀವು ರಾತ್ರಿ ಬಿದ್ದೆದ್ದು ಬರುವ ಅಗತ್ಯವೇ ಇಲ್ಲ ಮಾರಾಯ್ರೆ. ಇಲ್ಲಿಯದ್ದು ಚಾಲಿ. ಹಣ್ಣಡಿಕೆ ಅಂಗಳದಲ್ಲಿ ಸುಮಾರು ನಲವತ್ತು ದಿನ ಒಣಗಬೇಕು, ಒಣಗಿದ ಮೇಲೂ ದರ ನೋಡಿಕೊಂಡು ಸುಲಿಯುವುದು. ಯಂತ್ರ ಹಾಳಾದರೆ ಒಂದು ವಾರ ಕಾಯುತ್ತೇವೆ, ಗೋಣಿಯಲ್ಲಿದ್ದ ಅಡಿಕೆ ಎಲ್ಲಿಗೂ ಹೋಗುವುದಿಲ್ಲ. ನಾಲ್ಕೈದು ಮನೆಯವರ ಕೆಲಸ ಒಟ್ಟಾದ ಮೇಲೆ ಬನ್ನಿ. ಮಳೆಗಾಲದಲ್ಲಿ ಶಿರಾಡಿ ಘಾಟಿಯಲ್ಲಂತೂ ಬೇಡ, ಯಾವಾಗ ಗುಡ್ಡ ಜರಿದು ರಸ್ತೆ ಮುಚ್ಚುತ್ತದೆ ಹೇಳಲಿಕ್ಕಾಗುವುದಿಲ್ಲ. ಕಬಕ ಪುತ್ತೂರಿಗೆ ರಾತ್ರಿ ರೈಲೂ ಉಂಟು.

ಅಡಿಕೆ ಬೆಳೆಗಾರರ ಸಹಕಾರಿ ಸಂಸ್ಥೆ ಕ್ಯಾಂಪ್ಕೊದವರು ಪುತ್ತೂರಿನಲ್ಲಿ ಯಂತ್ರ ಮೇಳ ಮಾಡಿದಾಗ ನೀವು ಬಂದಿದ್ದೀರೋ ಗೊತ್ತಿಲ್ಲ. ಅಂಥದ್ದಕ್ಕೆ ಗಾಡಿ ಹಾಕಿಕೊಂಡು ಬನ್ನಿ, ಎಷ್ಟು ದೂರ ಆದರೂ ಸರಿ. ಅಲ್ಲಿ ಒಂದು ದಿನದಲ್ಲಿ ಕಾಣುವಷ್ಟು ಕೃಷಿಕರನ್ನು ಮನೆಮನೆಗೆ ಹೋಗಿ ಕಾಣಲು ಒಂದು ವರ್ಷ ಬೇಕು.

ಪೀಣ್ಯ_ಫಿಟ್ಟರ್

ಎಲ್ಲರಿಗೂ ಕೈ ಮುಗಿದೆ. ಯಜಮಾನ್ರೆ, ಮನೆಯಲ್ಲಿ ಹೇಳಿದೆ. ಅವಳು ಏನೂ ಮಾತಾಡಲಿಲ್ಲ. ಬೆಳಗ್ಗೆ ಬೊಲೆರೊ ಕೀಲಿ ಅವಳ ಹತ್ತಿರ ಇತ್ತು.

ಅಕ್ಕ ಹೇಳಿದ ಹಾಗೆ ಡೈರಿ ತೆಗೆದು ಕೂತೆ. 31ರಲ್ಲಿ 9 ಯಂತ್ರ ಕೂರಿಸೋಕೆ ಹೋದದ್ದು, ಅದು ಹೋಗಲೇಬೇಕಿತ್ತು. 22 ರಿಪೇರಿ. ಆ 22ರಲ್ಲಿ 7 ಬರೀ ಕರೆಂಟಿಂದು. ಲೈನ್‌ಮ್ಯಾನ್ ಏನೋ ಕೆಲಸ ಮಾಡಿದ ಮೇಲೆ ಫೇಸ್ ತಿರುವುಮುರುವು ಆಗಿ ಮೋಟರ್ ಉಲ್ಟಾ ತಿರುಗುತ್ತಿತ್ತು, ಮೂರು ವೈರಲ್ಲಿ ಎರಡನ್ನ ಅದಲುಬದಲು ಮಾಡಿದರೆ ಮುಗೀತು. ಸಿಂಗಲ್ ಫೇಸ್ ಮೋಟರಲ್ಲಿ ಕೆಪಾಸಿಟರ್ ಉಬ್ಬಿತ್ತು, ಅದು ಊರಿನ ಅಂಗಡಿಯಲ್ಲೇ ಸಿಗುತ್ತೆ. ಇನ್ನು 5 ಬ್ಲೇಡಿನ ಗ್ಯಾಪ್ ಮತ್ತು ಬೆಲ್ಟ್ ಬಿಗಿ. ಸಣ್ಣ ಗೋಟು (ಹಣ್ಣಾಗಿ ಒಣಗಿದ ಅಡಿಕೆ) ಬಂದಾಗ ಗ್ಯಾಪ್ ಕಮ್ಮಿ ಮಾಡಬೇಕು, ಅಷ್ಟೇ. ಈ ಹನ್ನೆರಡನ್ನ ಫೋನಲ್ಲಿ ವಿಡಿಯೋ ನೋಡಿಕೊಂಡೇ ಹೇಳಬಹುದಿತ್ತು. ನಿಜವಾಗಿ ಕೈ ಹಾಕಲೇಬೇಕಾದ ಬೇರಿಂಗು, ಶಾಫ್ಟಿನ ಕೆಲಸ 10.

ಆದರೆ ಇನ್ನೊಂದು ಕಡೆಯೂ ಡೈರಿಯಲ್ಲಿದೆ, ಅದನ್ನ ಹೇಳದಿದ್ದರೆ ಮೋಸ. ಆ ರಿಪೇರಿಗೆ ಹೋದ ಊರುಗಳಲ್ಲೇ ಐದು ಹೊಸ ಯಂತ್ರ ಬುಕ್ ಆಗಿವೆ. ತೀರ್ಥಹಳ್ಳಿ ಹತ್ತಿರ ಒಂದು ಮನೆಯಲ್ಲಿ ಬೆಲ್ಟ್ ಬಿಗಿ ಮಾಡೋಕೆ ಹೋದಾಗ, ಹೊಂಡದ ಹತ್ತಿರ ಹೆಂಗಸರು ಬಗ್ಗಿ ಬಗ್ಗಿ ಸಿಪ್ಪೆ ಎಳೆಯೋದು ನೋಡಿದೆ. ಸಿಪ್ಪೆ ಬೀಳೋ ಬಾಯಿಯನ್ನ ಅರ್ಧ ಅಡಿ ಎತ್ತರಿಸಿದೆ. ಈಗ ಎಲ್ಲ ಯಂತ್ರಕ್ಕೂ ಹಾಗೇ ಮಾಡುತ್ತೇವೆ. ಪೀಣ್ಯದಲ್ಲಿ ಕೂತಿದ್ದರೆ ಅದು ನನಗೆ ಹೊಳೀತಾನೇ ಇರಲಿಲ್ಲ. ಹಾಗಾಗಿ ಪೂರ್ತಿ ಬಿಡೋಕೆ ಮನಸ್ಸಿಲ್ಲ.

ಹುಬ್ಬಳ್ಳಿ_ಲೈನ್

ಪೂರ್ತಿ ಬಿಡ್ರಿ ಅಂತ ಯಾರೂ ಅಂದಿಲ್ರಿ. ಹಗಲ ಹೋಗ್ರಿ, ಉಳಕೊಳ್ರಿ, ನಾಕು ಮನಿ ಮುಗಿಸಿ ಬರ್ರಿ.

ನಿವೃತ್ತ_ಚಾಲಕ

ಕೀಲಿ ಆಯಮ್ಮನ ಹತ್ತಿರ ಇರಲಿ.

ಪೀಣ್ಯ_ಫಿಟ್ಟರ್ (ಮೂರು ತಿಂಗಳ ನಂತರ)

ಸೀಸನ್ ಹೆಚ್ಚುಕಮ್ಮಿ ಮುಗೀತು, ಕೇಳಿದವನು ನಾನು, ಏನಾಯ್ತು ಅಂತ ಹೇಳಬೇಕು.

ಸಾಗರದಲ್ಲಿ ಒಂದು ಹಾರ್ಡ್‌ವೇರ್ ಅಂಗಡಿ ಹಿಂದೆ ಸಣ್ಣ ರೂಮು ಬಾಡಿಗೆಗೆ ಹಿಡಿದೆ, ತಿಂಗಳಿಗೆ ಮೂರೂವರೆ ಸಾವಿರ. ಬೇರಿಂಗು, ಬೆಲ್ಟು, ಬ್ಲೇಡು, ಎರಡು ಮೋಟರ್ ಅಲ್ಲಿಟ್ಟಿದ್ದೇನೆ. ಸರಕು ಗಾಡಿ ಅಂತ ರಿಜಿಸ್ಟರ್ ಆಗಿರೋ ಹಳೇ ಓಮ್ನಿ ಕಾರ್ಗೋ ಒಂದು ಲಕ್ಷ ಹತ್ತು ಸಾವಿರಕ್ಕೆ ಸಿಕ್ಕಿತು. ಐಟಿಐ ಮುಗಿಸಿದ ಅಲ್ಲಿಯದೇ ಹುಡುಗನನ್ನ ತಿಂಗಳಿಗೆ ಹದಿನೈದು ಸಾವಿರಕ್ಕೆ ಇಟ್ಟುಕೊಂಡು, ಪೀಣ್ಯಕ್ಕೆ ಕರೆಸಿ ಮೂರು ವಾರ ಯಂತ್ರ ಬಿಚ್ಚಿ ಜೋಡಿಸೋದು ಕಲಿಸಿದೆ. ಸಾಗರದಿಂದ ಸಿದ್ದಾಪುರ, ಶಿರಸಿ, ಹೊಸನಗರ, ತೀರ್ಥಹಳ್ಳಿ ಎಲ್ಲ ಎಂಬತ್ತು ಕಿ.ಮೀ. ಒಳಗೆ.

ಬೊಲೆರೊ ಈ ಸಲ 11 ಟ್ರಿಪ್ಪು, ಎಲ್ಲವೂ ಹಗಲು. ರೈಲಲ್ಲಿ 9 ಸಲ. ಹುಡುಗನ ಸಂಬಳ, ರೂಮು, ಓಮ್ನಿ ಪೆಟ್ರೋಲು, ರೈಲು ಎಲ್ಲ ಸೇರಿಸಿ ಕಳೆದ ವರ್ಷಕ್ಕೆ ಹೋಲಿಸಿದರೆ ಒಂದು ಲಕ್ಷಕ್ಕೆ ಸ್ವಲ್ಪ ಕಮ್ಮಿ ಉಳಿದಿದೆ. ಓಮ್ನಿ ಕೊಂಡ ದುಡ್ಡು ಲೆಕ್ಕಕ್ಕೆ ಹಿಡಿದರೆ ಈ ವರ್ಷ ಉಳಿತಾಯ ಏನೂ ಇಲ್ಲ. ಹೊಸ ಯಂತ್ರ ಕಳೆದ ಸಲಕ್ಕಿಂತ ಎರಡು ಜಾಸ್ತಿ ಹೋಗಿದೆ. ಇಬ್ಬರು ಹಳೇ ಗಿರಾಕಿಗಳು ‘ನೀವು ಬರದೆ ಹುಡುಗನನ್ನ ಕಳಿಸಿದ್ರಿ’ ಅಂತ ಬೇಜಾರು ಮಾಡಿಕೊಂಡಿದ್ದಾರೆ, ಅವರ ಮನೆಗೆ ಫೆಬ್ರವರಿಯಲ್ಲಿ ಹೋಗಬೇಕು.

ನವೆಂಬರ್‌ನಲ್ಲಿ ಒಂದು ರಾತ್ರಿ ಮಾತ್ರ ಕಷ್ಟ ಆಯ್ತು. ಒಂಬತ್ತು ಗಂಟೆಗೆ ಫೋನು, ಶಾಫ್ಟಿನ ಬೇರಿಂಗ್ ಒಡೆದಿದೆ, ಹನ್ನೆರಡು ಕ್ವಿಂಟಾಲ್ ಹಸಿ ಅಡಿಕೆ ಬಿದ್ದಿದೆ ಅಂತ. ಫೋನ್ ಮಾಡಿದವರು ಇದೇ ಚರ್ಚೆಯಲ್ಲಿದ್ದ ಚನ್ನಗಿರಿಯ ಖೇಣಿಯವರು, ಅಕ್ಟೋಬರಲ್ಲಿ ನಮ್ಮದೊಂದು ಯಂತ್ರ ತಗೊಂಡಿದ್ದರು. ಹುಡುಗ ಜ್ವರ ಬಂದು ಮಲಗಿದ್ದ. ಕಾಲು ಚಪ್ಪಲಿಗೆ ಹೋಗಿತ್ತು, ಕೀಲಿ ಕೇಳಿದೆ. ಅವಳು ಕೊಡಲಿಲ್ಲ. ಬೇರಿಂಗನ್ನ ರಾತ್ರಿ ಬಸ್ಸಿಗೆ ಹಾಕಿ ಕಳಿಸಿದೆ. ಬೆಳಗ್ಗೆ ಏಳಕ್ಕೆ ಅವರ ಕಡೆಯ ಪಂಪ್‌ಸೆಟ್ ಮೆಕ್ಯಾನಿಕ್ ಜೊತೆ ವಿಡಿಯೋದಲ್ಲಿ ಒಂದೂವರೆ ಗಂಟೆ ನಿಂತು ಹಾಕಿಸಿದೆ.

ಚನ್ನಗಿರಿ_ಖೇಣಿ

ಎಂಟೂಮುಕ್ಕಾಲಿಗೆ ಯಂತ್ರ ಶುರು ಆಯ್ತು, ಮಧ್ಯಾಹ್ನದ ಒಳಗೆ ಹಂಡೆಗೆ ಬಿತ್ತು. ಆ ಮೆಕ್ಯಾನಿಕ್ಕಿಗೆ ಐನೂರು ಕೊಟ್ಟಿದ್ದೀನಿ, ಅದನ್ನ ನೀವು ಕೊಡಬೇಡಿ. ಆದರೆ ಬೇರಿಂಗ್ ಕೂರೋ ಜಾಗದಲ್ಲಿ ಶಾಫ್ಟ್ ಸ್ವಲ್ಪ ಸವೆದಂಗೆ ಕಾಣುತ್ತೆ, ಓಡುವಾಗ ಸಣ್ಣ ಕಿರ್ ಸದ್ದು ಇದೆ. ಫೆಬ್ರವರಿಯಲ್ಲಿ ಆ ಇಬ್ಬರ ಮನೆಗೆ ಬರ್ತೀರಲ್ಲ, ಬರೋವಾಗ ಹೊಸ ಶಾಫ್ಟ್ ತನ್ನಿ. ಹಗಲೇ ಬನ್ನಿ, ಊಟ ನಮ್ಮಲ್ಲೇ.